ಬಹುಮತ ಮತ್ತು ಅಲ್ಪಸಂಖ್ಯಾತರ ಹಕ್ಕು: ಬುಕ್ಕರಾಯನ ಶಾಸನದಿಂದ 2014ರ ಅಧಿಸೂಚನೆಯವರೆಗೆ

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಜೈನರ ಸಂಖ್ಯೆ 4,40,280. ಅಂದರೆ ಸಾವಿರ ಜನರಲ್ಲಿ ಸುಮಾರು ಏಳು ಮಂದಿ. ಇಡೀ ದೇಶದಲ್ಲಿ 44.5 ಲಕ್ಷ, ಸಾವಿರಕ್ಕೆ ನಾಲ್ವರೂ ಇಲ್ಲ. ಮತ ಎಣಿಸಿ ಸರ್ಕಾರ ರಚಿಸುವ ವ್ಯವಸ್ಥೆಯಲ್ಲಿ ಇಷ್ಟು ಸಣ್ಣ ಸಮಾಜ ತನ್ನ ಮತಬಲದಿಂದಲೇ ಒಂದು ಕಾನೂನನ್ನು ತರಲಾರದು, ತಡೆಯಲೂ ಆರದು. ಹಾಗಾದರೆ ಬಸದಿ, ಶಾಲೆ, ವ್ರತಾಚರಣೆಗಳಿಗೆ ರಕ್ಷಣೆ ಎಲ್ಲಿಂದ?

ಈ ಪ್ರಶ್ನೆ ಹೊಸದಲ್ಲ. ವಿಜಯನಗರದ ಒಂದನೇ ಬುಕ್ಕರಾಯನ ಕಾಲದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಉಂಟಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮೊದಲಾದ ಕಡೆಯ ಜೈನರು ತಮಗಾದ ಅನ್ಯಾಯವನ್ನು ಅರಸನಿಗೆ ಬಿನ್ನವಿಸಿಕೊಂಡರು. ಅರಸ ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು ಎರಡೂ ದರ್ಶನಗಳಿಗೆ ಭೇದವಿಲ್ಲವೆಂದು ಸಾರಿದ. ಪಂಚಮಹಾವಾದ್ಯ ಮತ್ತು ಕಳಶದ ಮರ್ಯಾದೆ ಜೈನರಿಗೆ ಮೊದಲಿನಂತೆಯೇ ಸಲ್ಲಬೇಕು, ಜೈನರಿಗೆ ಹಾನಿಯಾದರೆ ವೈಷ್ಣವರು ಅದನ್ನು ತಮಗಾದ ಹಾನಿ ಎಂದೇ ತಿಳಿಯಬೇಕು ಎಂದು ವಿಧಿಸಿದ. 1368ರ ಈ ಶಾಸನ ಶ್ರವಣಬೆಳಗೊಳದಲ್ಲಿದೆ; ಮಾಗಡಿ ತಾಲ್ಲೂಕಿನ ಕಲ್ಯದಲ್ಲೂ ಇದೆ.

ಶಾಸನದ ಮುಂದಿನ ಭಾಗವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಪ್ರತಿ ಜೈನ ಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು. ಎತ್ತುವವರು ತಿರುಮಲೆಯ ತಾತಯ್ಯ, ಅಂದರೆ ವೈಷ್ಣವರೇ. ಆ ಹಣದಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಉಳಿದದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಖರ್ಚು ಅಲ್ಪಸಂಖ್ಯಾತರದು, ಜವಾಬ್ದಾರಿ ಬಹುಸಂಖ್ಯಾತರದು. ಬರೀ ಸೌಹಾರ್ದದ ಮಾತಿಗಿಂತ ಇದು ಗಟ್ಟಿಯಾದ ಏರ್ಪಾಡು. ಮುಂದೆ ಶಾಸನದ ಜೀರ್ಣೋದ್ಧಾರ ಮಾಡಿಸಿದ ಬುಸುವಿಸೆಟ್ಟಿಗೆ ಎರಡೂ ಸಮಯದವರು ಕೂಡಿ ಸಂಘನಾಯಕ ಪಟ್ಟ ಕಟ್ಟಿದರು.

ಆದರೆ ಅದು ಅರಸನ ಅಪ್ಪಣೆ. ಈಗಿನ ಆಧಾರ ಸಂವಿಧಾನ. 25ನೇ ವಿಧಿ ಧಾರ್ಮಿಕ ಸ್ವಾತಂತ್ರ್ಯವನ್ನು, 29ನೇ ವಿಧಿ ಸಂಸ್ಕೃತಿಯ ರಕ್ಷಣೆಯನ್ನು, 30ನೇ ವಿಧಿ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕನ್ನು ಕೊಡುತ್ತವೆ. ಮೂಲಭೂತ ಹಕ್ಕಿಗೆ ವಿರುದ್ಧವಾದ ಕಾನೂನು, ಎಷ್ಟೇ ದೊಡ್ಡ ಬಹುಮತದಿಂದ ಪಾಸಾಗಿದ್ದರೂ, 13ನೇ ವಿಧಿಯಂತೆ ಊರ್ಜಿತವಲ್ಲ.

ಅಲ್ಪಸಂಖ್ಯಾತ ಮಾನ್ಯತೆ ಮಾತ್ರ ಜೈನರಿಗೆ ತಡವಾಗಿ ಬಂತು. 1993ರಲ್ಲಿ ಕೇಂದ್ರ ಹೊರಡಿಸಿದ ಪಟ್ಟಿಯಲ್ಲಿ ಐದು ಸಮುದಾಯಗಳಿದ್ದವು, ಜೈನರಿರಲಿಲ್ಲ. 2005ರಲ್ಲಿ ಬಾಲ್ ಪಾಟೀಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ನಿರ್ದೇಶನ ಕೊಡಲು ಒಪ್ಪಲಿಲ್ಲ. ಕೊನೆಗೆ 2014ರ ಜನವರಿ 27ರಂದು ಅಧಿಸೂಚನೆ ಹೊರಬಿತ್ತು. ಇದರಿಂದ ಅಲ್ಪಸಂಖ್ಯಾತರ ಆಯೋಗಕ್ಕೆ ದೂರು ಸಲ್ಲಿಸುವ ಮತ್ತು ಅಲ್ಪಸಂಖ್ಯಾತರ ಯೋಜನೆಗಳಿಗೆ ಅರ್ಜಿ ಹಾಕುವ ದಾರಿ ತೆರೆಯಿತು. ಇದು ನೌಕರಿಯ ಮೀಸಲಾತಿಯಲ್ಲ. ಸಮಾಜದಲ್ಲಿ ಈ ತಪ್ಪು ತಿಳಿವಳಿಕೆ ಇಂದಿಗೂ ಇದೆ.

ಮಾನ್ಯತೆ ಸಿಕ್ಕ ಮರುವರ್ಷವೇ, 2015ರ ಆಗಸ್ಟ್ 10ರಂದು, ಸಲ್ಲೇಖನ ವ್ರತವು ಆತ್ಮಹತ್ಯೆಗೆ ಸಮ ಎಂದು ರಾಜಸ್ಥಾನ ಹೈಕೋರ್ಟ್ ತೀರ್ಪಿತ್ತಿತು. ಊರೂರಲ್ಲಿ ಮೌನ ಮೆರವಣಿಗೆಗಳು ನಡೆದವು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ತೀರ್ಪಿಗೆ ತಡೆ ನೀಡಿತು. ಬಹುಮತಕ್ಕೆ ಅರ್ಥವಾಗದ ವ್ರತವನ್ನು ನ್ಯಾಯಾಲಯದಲ್ಲಿ ಶಾಸ್ತ್ರಾಧಾರ ಸಹಿತ ವಿವರಿಸಬೇಕಾದ ಹೊರೆ ಸದಾ ಸಣ್ಣ ಸಮಾಜದ ಮೇಲೆಯೇ ಬೀಳುತ್ತದೆ.

ತಕ್ಕಡಿಗೆ ಇನ್ನೊಂದು ತಟ್ಟೆಯೂ ಇದೆ. ಪರ್ಯುಷಣ ಕಾಲದಲ್ಲಿ ಅಹಮದಾಬಾದಿನ ಕಸಾಯಿಖಾನೆಗಳನ್ನು ಮುಚ್ಚಿಸಿದ ಕ್ರಮವನ್ನು 2008ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕೆಲವೇ ದಿನಗಳ ನಿರ್ಬಂಧ ವಿಪರೀತವಲ್ಲ ಎಂಬುದು ಅದರ ಕಾರಣ. ಜೀವದಯೆ ಜೈನರಿಗೆ ಪ್ರಾಣ. ಆದರೂ ತಮ್ಮ ವ್ರತ ಪಾಲಿಸುವ ಹಕ್ಕು ಬೇರೆ, ಇನ್ನೊಬ್ಬರ ದುಡಿಮೆ ನಿಲ್ಲಿಸುವ ಆದೇಶ ಬೇರೆ. ಎರಡನೆಯದನ್ನು ಸರ್ಕಾರದ ಮೂಲಕ ಕೇಳುವುದಕ್ಕಿಂತ ನೆರೆಯವರಲ್ಲಿ ಕೈಮುಗಿದು ಕೇಳುವುದೇ ಲೇಸು.

30ನೇ ವಿಧಿಗೆ ಸಂಬಂಧಿಸಿದಂತೆ ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನೋಡಬೇಕೆಂದು ಟಿ.ಎಂ.ಎ. ಪೈ ಪ್ರಕರಣದಲ್ಲಿ (2002) ಹನ್ನೊಂದು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಆದ್ದರಿಂದ ರಾಜ್ಯದ ಎಣಿಕೆ ಸರಿಯಾಗಿರಬೇಕು. ಜನಗಣತಿಯವರು ಮನೆಗೆ ಬಂದಾಗ ಧರ್ಮದ ಕಲಂನಲ್ಲಿ ‘ಜೈನ’ ಎಂದೇ ಬರೆಸಬೇಕು. ದಿಗಂಬರ, ಶ್ವೇತಾಂಬರ, ಪಂಚಮ, ಚತುರ್ಥ ಮುಂತಾದ ಹೆಸರುಗಳು ಆ ಕಲಂಗೆ ಸೇರಿದವಲ್ಲ.