ಖರೋಸಾ ಗುಹೆಗಳಲ್ಲಿ ಒಂದು ಹಗಲು

ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ನಮ್ಮ ಕನ್ನಡ ಮಕ್ಕಳಿಗೆ ಬಾದಾಮಿಯ ಗುಹೆಗಳ ವರ್ಣನೆ ಬಾಯಿಪಾಠ. ಅಜಂತಾ, ವೇರೂಳಗಳನ್ನು ಶಾಲಾ ಪ್ರವಾಸದಲ್ಲಿ ಕಂಡವರೂ ಉಂಟು. ಆದರೆ ಹಿತ್ತಿಲಿನಲ್ಲಿಯೇ ಇರುವ ಖರೋಸಾದ ಗುಹೆಗಳನ್ನು ಯಾರು ನೋಡಿರುವಿರಿ ಎಂದು ವರ್ಗದಲ್ಲಿ ಕೇಳಿದರೆ ಏಳುವ ಕೈಗಳು ಎರಡೋ ಮೂರೋ. ಮಕ್ಕಳನ್ನು ಆಕ್ಷೇಪಿಸುವ ಅಧಿಕಾರ ನಮಗಿಲ್ಲ. ಅವು 'ಗುಪ್ತರು ಕೊರೆಯಿಸಿದ ಗುಹೆಗಳು' ಎಂದು ಹಲವು ವರ್ಷ ಟಿಪ್ಪಣಿ ಬರೆಯಿಸಿದ ನಾವೇ ಅವನ್ನು ಕಂಡಿರಲಿಲ್ಲ. ಕಳೆದ ಮಾಗಿಯ ಒಂದು ರವಿವಾರ, ಸಹೋದ್ಯೋಗಿಗಳಾದ ಗಣಿತದ ಮಾಸ್ತರರ ಮೋಟಾರು ಸೈಕಲ್ಲಿನ ಹಿಂದೆ ಕುಳಿತು ಆ ಕೊರತೆಯನ್ನು ನೀಗಿಸಿಕೊಂಡೆವು.

ಉಮರ್ಗಾದಿಂದ ಬೆಳಗಿನ ಚಳಿಯಲ್ಲಿಯೇ ಹೊರಟು ಲಾತೂರಿನ ಹಾದಿ ಹಿಡಿದೆವು. ಎರೆಯ ಹೊಲಗಳಲ್ಲಿ ಕಡಲೆಯೂ ಬಿಳಿಜೋಳವೂ ನಿಂತಿದ್ದವು. ಕಿಲ್ಲಾರಿ ಸಮೀಪಿಸಿದಾಗ ಮಾಸ್ತರರು ತಾವಾಗಿಯೇ ಗಾಡಿಯ ವೇಗವನ್ನು ತಗ್ಗಿಸಿದರು. ೧೯೯೩ನೆಯ ಸಪ್ಟೆಂಬರ ೩೦ರ ನಸುಕಿನಲ್ಲಿ, ಗಣಪತಿಯನ್ನು ಕಳುಹಿಸಿ ಮಲಗಿದ್ದ ಜನ, ಕಲ್ಲುಮಣ್ಣಿನ ದಪ್ಪ ಗೋಡೆಗಳ ಅಡಿಯಲ್ಲಿ ಸಾವಿರಾರು ಸಂಖ್ಯೆಯಲ್ಲಿ ಮಡಿದ ನೆಲವದು. ಊರನ್ನು ಆಮೇಲೆ ಬೇರೆಡೆ ಕಟ್ಟಿದರು. ಅಲ್ಲಿಂದ ಕೆಲವೇ ಹರದಾರಿಗಳಾಚೆ, ಲಾಮಜನಾದ ಬಳಿ ನಿಲಂಗಾದ ಹಾದಿಗೆ ತಿರುಗಿದ ಬಳಿಕ ಸಿಗುವ ಖರೋಸಾದ ಗುಡ್ಡದಲ್ಲಿ, ಸುಮಾರು ಸಾವಿರದ ನಾನೂರು ವರ್ಷಗಳ ಹಿಂದಿನ ಗುಹೆಗಳು ಇನ್ನೂ ನಿಂತಿವೆ.

ಗುಡ್ಡ ಎತ್ತರವಾದುದೇನೂ ಅಲ್ಲ. ಅದರ ಕಲ್ಲು ಬೀದರಿನವರಿಗೆಲ್ಲ ಪರಿಚಿತವಾದ ಕೆಂಪು ಜಂಬಿಟ್ಟಿಗೆ. ಈ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿದ್ದು ಉಳಿಗೆ ಸುಲಭವಾಗಿ ಒಗ್ಗುತ್ತದೆ, ಗಾಳಿಬಿಸಿಲು ತಾಗಿದಂತೆ ಗಟ್ಟಿಯಾಗುತ್ತದೆ. ಬೀದರ ಕೋಟೆಯ ಕಂದಕವನ್ನು ಕಡಿದದ್ದೂ ಇಂಥ ಕಲ್ಲಿನಲ್ಲಿಯೇ. ಕೊರೆಯಲು ಸುಲಭವಾದ ಈ ಕಲ್ಲು ಕೆತ್ತಲು ಮಾತ್ರ ನಿಷ್ಠುರ. ಮೈತುಂಬ ರಂಧ್ರವಿರುವುದರಿಂದ ಬಾದಾಮಿಯ ಮರಳುಗಲ್ಲಿನ ನುಣುಪಾಗಲಿ ವೇರೂಳದ ಕರಿಗಲ್ಲಿನ ಬಿಗುವಾಗಲಿ ಇದರಲ್ಲಿ ಬಾರದು. ಶಿವಪಾರ್ವತಿಯರು, ಕಾರ್ತಿಕೇಯ, ನರಸಿಂಹ, ರಾವಣ, ಇವರೆಲ್ಲ ಇಲ್ಲಿದ್ದಾರೆ. ಆದರೆ ಮುಖಗಳು ಸವೆದಿವೆ, ಬೆರಳುಗಳು ಕರಗಿವೆ. ನರಸಿಂಹನ ಎದುರು ನಾವು ಬಹು ಹೊತ್ತು ನಿಂತೆವು. ಮೊದಲು ಕಂಡುದು ಬರಿಯ ಉಬ್ಬುತಗ್ಗುಗಳ ಗೋಡೆ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಆ ಗೋಡೆಯೇ ಮೆಲ್ಲಮೆಲ್ಲನೆ ದೇವರಾಯಿತು. ಅಲ್ಲಿಯೇ ಗೋಡೆಗೆ ಕೈ ತಾಗಿಸಿದೆವು. ಬೆರಳಿಗೆ ಕೆಂಪು ಪುಡಿ ಹತ್ತಿತು. ಹತ್ತಿದ ಪುಡಿಯನ್ನು ಕಂಡು ನಾಚಿಕೆಯಾಗಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆವು.

ಈಗ ನಮ್ಮ ಟಿಪ್ಪಣಿಯ ಮಾತು. ಪ್ರವಾಸಿಗಳಿಗಾಗಿ ಬರೆದ ಪರಿಚಯಗಳಲ್ಲಿ ಇವು ಆರನೆಯ ಶತಮಾನದ, ಗುಪ್ತರ ಕಾಲದ ಗುಹೆಗಳೆಂದಿರುತ್ತದೆ. ಶತಮಾನದ ಮಟ್ಟಿಗೆ ಅದು ಒಪ್ಪತಕ್ಕುದು. ಆದರೆ ಗುಪ್ತರ ನೇರ ಆಳಿಕೆ ಈ ನೆಲಕ್ಕೆ ಹಬ್ಬಿರಲಿಲ್ಲ. ಎರಡನೆಯ ಚಂದ್ರಗುಪ್ತನ ಮಗಳು ಪ್ರಭಾವತಿಗುಪ್ತೆಯು ವಾಕಾಟಕರ ಸೊಸೆಯಾಗಿ ಬಂದದ್ದುಂಟು. ಬೀಗರಾದ ಮಾತ್ರಕ್ಕೆ ಹೊಲ ಅವರದಾಗುವುದಿಲ್ಲವಷ್ಟೆ! ವಾಕಾಟಕರ ಪ್ರಭಾವ ಅಳಿದ ಮೇಲೆ ದಕ್ಷಿಣಾಪಥದಲ್ಲಿ ತಲೆಯೆತ್ತಿದವರು ಬಾದಾಮಿಯ ಚಾಲುಕ್ಯರು. ಮೊದಲನೆಯ ಪುಲಕೇಶಿಯು ಬಾದಾಮಿಯ ಕೋಟೆ ಕಟ್ಟಿದ್ದು ಕ್ರಿ. ಶ. ೫೪೩ರಲ್ಲಿ, ಅಲ್ಲಿಯ ವಿಷ್ಣುಗುಹೆ ಮುಗಿದದ್ದು ೫೭೮ರಲ್ಲಿ. ಆ ಗುಹೆಯ ಬಳಿ ಮಂಗಲೇಶನ ಕನ್ನಡ ಶಾಸನವಿದೆ. ಖರೋಸಾದಲ್ಲಿ ನಾವು ಸುತ್ತಿದ ಗೋಡೆಗಳಲ್ಲಿ ಒಂದಕ್ಷರವೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಆದಕಾರಣ ಇವನ್ನು ಗುಪ್ತರಿಗೆ ಕೊಡುವುದು ಹೇಗೆ ತಪ್ಪೋ, ಚಾಲುಕ್ಯರಿಗೆ ಬರೆದುಕೊಡುವುದೂ ಹಾಗೆಯೇ ತಪ್ಪು. ಕನ್ನಡ ಸಂಘದ ಸಂಚಿಕೆಯಲ್ಲಿ ಇದನ್ನು ಹೇಳುವುದು ಕೆಲವರಿಗೆ ರುಚಿಸದಿರಬಹುದು.

ಜೇಮ್ಸ್ ಬರ್ಜೆಸ್ ಎಂಬ ವಿದ್ವಾಂಸರು ಬೀದರ ಮತ್ತು ಔರಂಗಾಬಾದ ಜಿಲ್ಲೆಗಳ ಪ್ರಾಚೀನಾವಶೇಷಗಳನ್ನು ಕುರಿತು ೧೮೭೮ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ಊರನ್ನು 'ಕರುಸಾ' ಎಂದು ಕರೆದಿದ್ದಾರೆ. ಆ ರೂಪವನ್ನು ನೆನೆದೊಡನೆ ನಮ್ಮ ಪಂಡಿತಬುದ್ಧಿ 'ಕರು', 'ಕರಿ' ಎಂದು ಧಾತುವನ್ನು ಅರಸತೊಡಗಿತು. "ಪ್ರಮಾಣವಿಲ್ಲದೆ ಉತ್ತರ ಬರೆದರೆ ನಾನು ಅಂಕ ಕೊಡುವುದಿಲ್ಲ, ಗುರುಗಳೇ" ಎಂದು ಮಾಸ್ತರರು ನಕ್ಕರು. ನಾವೂ ನಕ್ಕು ಸುಮ್ಮನಾದೆವು.

ಹಾಗೆಂದು ಈ ನೆಲದಲ್ಲಿ ಕನ್ನಡದ ಹೆಜ್ಜೆಯೇ ಇಲ್ಲವೆಂದಲ್ಲ. ರಾಷ್ಟ್ರಕೂಟರು ತಮ್ಮನ್ನು ಲತ್ತಲೂರಿನ ಒಡೆಯರೆಂದು ಕರೆದುಕೊಂಡರು; ಅದು ಇಂದಿನ ಲಾತೂರೆಂದು ವಿದ್ವಾಂಸರು ಗುರುತಿಸಿದ್ದಾರೆ. ಆ ವಂಶದ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡನಾಡಿನ ಎಲ್ಲೆಯನ್ನು ಗೋದಾವರಿಯವರೆಗೆ ಒಯ್ದಿದೆ. ನಿಲಂಗಾ, ಉದಗೀರಗಳು ಬೀದರ ಜಿಲ್ಲೆಯಿಂದ ಬೇರೆಯಾದದ್ದು ೧೯೫೬ರ ನವೆಂಬರ ೧ರಂದು. ಬೆಟ್ಟಕ್ಕೆ ಈ ಲೆಕ್ಕವಾವುದೂ ತಿಳಿಯದು.

ಗುಡ್ಡದ ಮೇಲೆ ರೇಣುಕಾದೇವಿಯ ಗುಡಿಯುಂಟು. ಅಲ್ಲಿ ಹಣ್ಣುಕಾಯಿ ಹಿಡಿದು ಕುಳಿತಿದ್ದ ಮುದುಕಿಯೊಬ್ಬಳು ನಮ್ಮಿಬ್ಬರ ಮಾತು ಕೇಳಿ ಮೊಗವೆತ್ತಿ, "ಕನ್ನಡದವ್ರೇನಪಾ?" ಎಂದಳು. ಅವಳ ತವರು ಆಳಂದದ ಕಡೆಯ ಹಳ್ಳಿ. ಮದುವೆಯಾಗಿ ಈ ಕಡೆ ಬಂದು ಐವತ್ತು ವರ್ಷ ಮೀರಿತಂತೆ. "ಇಲ್ಲಿ ಮಂದಿ ರೇಣುಕಾ ಅಂತಾರ. ನಮ್ಮ ತವರಾಗ ಎಲ್ಲವ್ವ ಅಂತೀವಿ. ಅಕೀನೇ ಇಕಿ" ಎಂದು ಕುಂಕುಮ ಕೊಟ್ಟಳು. ಪಕ್ಕದಲ್ಲಿದ್ದ ಮೊಮ್ಮಗಳು ಅಜ್ಜಿಯ ಈ ಮಾತನ್ನು ಬೆರಗಿನಿಂದ ಕೇಳುತ್ತಿದ್ದಳು. ಆ ಮಗುವಿಗೆ ಬರುವುದು ಮರಾಠಿ ಮಾತ್ರ. ಹೆಸರೇನೆಂದು ಮರಾಠಿಯಲ್ಲಿಯೇ ಕೇಳಿದೆವು, ಹೇಳಿತು; ಅಜ್ಜಿಯ ಮಾತು ತಿಳಿಯುತ್ತದೆಯೇ ಎಂದರೆ ತಲೆಯಾಡಿಸಿತು, ಇಲ್ಲವೆಂದು.

ಮರಳುವಾಗ ನಿಲಂಗಾದಲ್ಲಿ ಇಳಿದು, ಮೂರು ಗರ್ಭಗೃಹಗಳ ಪ್ರಾಚೀನ ನೀಲಕಂಠೇಶ್ವರ ದೇವಾಲಯವನ್ನು ಅರೆಬೆಳಕಿನಲ್ಲಿ ಕಂಡೆವು. ಅದರ ಹೊರಗೋಡೆಯ ಶಿಲ್ಪಕ್ಕೆ ಬೇರೊಂದು ರವಿವಾರವೇ ಬೇಕು. ಕಾಸಾರ ಶಿರಸಿಯಲ್ಲಿ ಚಹಾ ಕುಡಿದು, ಕತ್ತಲಾದ ಮೇಲೆ ಉಮರ್ಗಾ ಸೇರಿದೆವು. ಮರುದಿನ ಒಂಬತ್ತನೆಯ ವರ್ಗದಲ್ಲಿ ಹಳೆಯ ಟಿಪ್ಪಣಿಯನ್ನು ತೆಗೆಯಿಸಿ, 'ಗುಪ್ತರು ಕೊರೆಯಿಸಿದ' ಎಂಬ ಎರಡು ಪದಗಳನ್ನು ಹೊಡೆದುಹಾಕಿಸಿದೆವು. ಹಾಗಾದರೆ ಕೊರೆಯಿಸಿದವರು ಯಾರು ಸರ್ ಎಂದು ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು. ಆ ಜಾಗವನ್ನು ಖಾಲಿ ಬಿಡಿರೆಂದು ಹೇಳಿದೆವು.