ನಾಯಿ ಅಟ್ಟಿದರೆ ಹೆಬ್ಬಾತು ಹಾರಿಹೋಗುತ್ತದೆ, ಅಷ್ಟೇ ತಾನೆ? ವೈರಲ್ ವಿಡಿಯೊಗಳು ತೋರಿಸದ ಸಂಗತಿಗಳು

ಉದ್ದ ಕಾಲಿನ, ಸಪೂರ ಸೊಂಟದ ನಾಯಿಯೊಂದು ಹಸಿರು ಬಯಲಿನಲ್ಲಿ ಬಾಣದಂತೆ ಓಡುತ್ತದೆ. ಮೇಯುತ್ತಿದ್ದ ನೂರಾರು ಹೆಬ್ಬಾತುಗಳು ಗದ್ದಲ ಎಬ್ಬಿಸಿ ಒಮ್ಮೆಲೇ ಮೇಲೇಳುತ್ತವೆ. ಹಿನ್ನೆಲೆಯಲ್ಲಿ ಸಂಗೀತ, ಕೆಳಗೆ ನಗುವ ಇಮೋಜಿ. ಇಂಥ ವಿಡಿಯೊಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ರೀಲ್ಸ್‌ನಲ್ಲೂ ಆಗಾಗ ಸುತ್ತುತ್ತವೆ. ಜೊತೆಗೆ ಒಂದಷ್ಟು ಬರಹವೂ ಇರುತ್ತದೆ: "ಹಕ್ಕಿಗೆ ರೆಕ್ಕೆ ಇದೆ, ನಷ್ಟವೇನು?", "ಹೆಬ್ಬಾತು ರೆಕ್ಕೆ ಬೀಸಿದರೆ ಕೈಮೂಳೆ ಮುರಿಯುತ್ತದೆ", "ನೋಡಿ, ನಾಯಿ ಮತ್ತು ಹೆಬ್ಬಾತಿನ ಗೆಳೆತನ!"

ಇವುಗಳಲ್ಲಿ ಯಾವುದು ನಿಜ, ಯಾವುದು ಅರ್ಧ ನಿಜ ಎಂದು ಒಂದೊಂದಾಗಿ ನೋಡೋಣ.

ಚುಟುಕಾಗಿ

• "ಹಾರಿಹೋದರೆ ನಷ್ಟವಿಲ್ಲ" ಎಂಬುದು ತಪ್ಪು. ಹಕ್ಕಿಗೆ ಶಕ್ತಿಯೂ ಮೇಯುವ ಹೊತ್ತೂ ನಷ್ಟವಾಗುತ್ತವೆ.
• ವರ್ಷದಲ್ಲಿ ಕೆಲವು ವಾರ ಹೆಬ್ಬಾತುಗಳಿಗೆ ಹಾರಲು ಬರುವುದೇ ಇಲ್ಲ.
• ರೆಕ್ಕೆಯ ಏಟು ನೋವು ಕೊಡುತ್ತದೆ. ಮೂಳೆ ಮುರಿಯುವ ಮಾತು ಉತ್ಪ್ರೇಕ್ಷೆ.
• ಸತ್ತ ಅಥವಾ ಕಾಯಿಲೆ ಬಿದ್ದ ಹೆಬ್ಬಾತನ್ನು ಕಚ್ಚಿದರೆ ಅಪಾಯ ನಾಯಿಗೂ ಇದೆ. ಹಕ್ಕಿ ಜ್ವರದಿಂದ ನಾಯಿ ಸತ್ತ ಪ್ರಕರಣ ದಾಖಲಾಗಿದೆ.

ಲರ್ಚರ್ ಎಂದರೆ ಯಾವ ತಳಿ?

ವಿಡಿಯೊದ ನಾಯಿಯನ್ನು ಅನೇಕರು ಗ್ರೇಹೌಂಡ್ ಎನ್ನುತ್ತಾರೆ. ಬ್ರಿಟನ್, ಐರ್ಲೆಂಡ್‌ಗಳ ಹಳ್ಳಿಗಾಡಿನಲ್ಲಿ ಕಾಣುವ ಇಂಥ ನಾಯಿಗಳಲ್ಲಿ ಬಹಳಷ್ಟು ಲರ್ಚರ್‌ಗಳು. ಲರ್ಚರ್ ಒಂದು ತಳಿಯಲ್ಲ, ಮಿಶ್ರಣ. ಗ್ರೇಹೌಂಡ್, ವಿಪ್ಪೆಟ್, ಸಲುಕಿಯಂಥ ಓಟದ ನಾಯಿಯನ್ನು ಕೋಲಿ ಅಥವಾ ಟೆರಿಯರ್‌ನಂಥ ಕೆಲಸದ ನಾಯಿಯೊಂದಿಗೆ ಕೂಡಿಸಿ ಪಡೆದದ್ದು. ಹಾಗಾಗಿಯೇ ಬ್ರಿಟನ್ನಿನ ಕೆನಲ್ ಕ್ಲಬ್ ಅದನ್ನು ತಳಿಯಾಗಿ ಗುರುತಿಸುವುದಿಲ್ಲ. ಹಿಂದಿನ ಕಾಲದಲ್ಲಿ ಮೊಲ ಹಿಡಿಯಲು, ಅದರಲ್ಲೂ ಕದ್ದು ಬೇಟೆಯಾಡಲು ಇವನ್ನು ಸಾಕುತ್ತಿದ್ದರು. ಇಂದು ಹೆಚ್ಚಿನವು ಮನೆಯ ಸೋಫಾದ ಮೇಲೆ ನಿದ್ದೆ ಹೊಡೆಯುವ ಸಾಧು ಪ್ರಾಣಿಗಳು.

ಆದರೆ ಹುಟ್ಟುಗುಣ ಹೋಗುವುದಿಲ್ಲ. ಈ ಗುಂಪಿನ ನಾಯಿಗಳು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುತ್ತವೆ. ದೂರದಲ್ಲಿ ಏನೋ ಓಡಿದರೆ ಸಾಕು, ಕಾಲು ಎದ್ದಿತೆಂದೇ ಲೆಕ್ಕ. ಗ್ರೇಹೌಂಡ್ ಗಂಟೆಗೆ 65 ಕಿಲೋಮೀಟರ್‌ಗೂ ಮೀರಿ ಓಡಬಲ್ಲದು. ಒಳ್ಳೆಯ ಲರ್ಚರ್ ಅದಕ್ಕೆ ತೀರಾ ಹಿಂದೆ ಬೀಳುವುದಿಲ್ಲ. ಒಮ್ಮೆ ಓಟ ಶುರುವಾದ ಮೇಲೆ ಒಡೆಯನ ಕೂಗು ಅದರ ಕಿವಿಗೆ ಬೀಳುವುದೇ ಕಷ್ಟ. ಇದು ನಾಯಿಯ ಕೆಟ್ಟತನವಲ್ಲ, ಸಾವಿರಾರು ವರ್ಷ ಮನುಷ್ಯರೇ ಆರಿಸಿ ಬೆಳೆಸಿದ ಗುಣ. ಆದ್ದರಿಂದ ಹೊಣೆ ಹಗ್ಗ ಹಿಡಿದವರದು.

ಆ ಹೆಬ್ಬಾತುಗಳು ಎಲ್ಲಿಂದ ಬಂದವು?

ಬ್ರಿಟನ್ನಿನ ಚಳಿಗಾಲದ ಹೊಲಗಳಲ್ಲಿ ಕಾಣುವ ಹೆಬ್ಬಾತುಗಳಲ್ಲಿ ಅನೇಕವು ವಲಸೆ ಹಕ್ಕಿಗಳು. ಗುಲಾಬಿ ಕಾಲಿನ ಹೆಬ್ಬಾತು ಐಸ್‌ಲ್ಯಾಂಡ್ ಮತ್ತು ಗ್ರೀನ್‌ಲ್ಯಾಂಡ್‌ಗಳಲ್ಲಿ ಮರಿ ಮಾಡಿ, ಸೆಪ್ಟೆಂಬರ್ ಹೊತ್ತಿಗೆ ಸಮುದ್ರ ದಾಟಿ ಸ್ಕಾಟ್ಲೆಂಡ್, ಲ್ಯಾಂಕಶೈರ್, ನಾರ್ಫೋಕ್‌ಗಳಿಗೆ ಬರುತ್ತದೆ. ಆರ್ಕ್ಟಿಕ್‌ನ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ಹುಟ್ಟುವ ಬಾರ್ನಕಲ್ ಹೆಬ್ಬಾತುಗಳು ಚಳಿಗಾಲ ಕಳೆಯುವುದು ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಗಡಿಯ ಸಾಲ್ವೇ ಕೊಲ್ಲಿಯ ಸುತ್ತಮುತ್ತ. 1940ರ ದಶಕದಲ್ಲಿ ಈ ಸಂತತಿಯಲ್ಲಿ ಉಳಿದಿದ್ದದ್ದು ಸುಮಾರು 300 ಹಕ್ಕಿಗಳು. ರಕ್ಷಣೆ ಸಿಕ್ಕ ಮೇಲೆ ಸಂಖ್ಯೆ 40,000ದ ಆಸುಪಾಸಿಗೆ ಏರಿತು. ಗ್ರೇಲ್ಯಾಗ್ ಮತ್ತು ಕೆನಡಾ ಹೆಬ್ಬಾತುಗಳು ಅಲ್ಲಿ ವರ್ಷವಿಡೀ ಕೆರೆ, ಉದ್ಯಾನಗಳಲ್ಲಿ ಸಿಗುತ್ತವೆ.

ಅಂದರೆ ನಾಯಿ ಓಡಿಸಿದ ಹಿಂಡು ಸಾವಿರ ಕಿಲೋಮೀಟರಿಗೂ ಮೀರಿದ ಪ್ರಯಾಣ ಮುಗಿಸಿ ದಣಿದು ಬಂದದ್ದಾಗಿರಬಹುದು, ಇಲ್ಲವೇ ಅಷ್ಟೇ ದೂರ ಮರಳಲು ಮೈ ತುಂಬಿಸಿಕೊಳ್ಳುತ್ತಿರಬಹುದು. ಮುಂದಿನ ಮಾತುಗಳನ್ನು ಓದುವಾಗ ಇದು ನೆನಪಿರಲಿ.

ಹೇಳಿಕೆ 1: "ಹಾರಿಹೋಗುತ್ತವೆ, ನಷ್ಟವೇನೂ ಇಲ್ಲ"

ಇದು ತಪ್ಪು. ಹೆಬ್ಬಾತಿನ ಮುಖ್ಯ ಆಹಾರ ಹುಲ್ಲು, ಎಲೆ, ಕೊಯ್ಲಿನ ನಂತರ ಹೊಲದಲ್ಲಿ ಉಳಿದ ಕಾಳು ಮತ್ತು ಗೆಡ್ಡೆ. ಹುಲ್ಲಿನಲ್ಲಿ ಶಕ್ತಿ ಕಡಿಮೆ. ಹಸುವಿನಂತೆ ಮೆಲುಕು ಹಾಕಿ ಅದರ ಸಾರ ಹಿಂಡುವ ಹೊಟ್ಟೆಯೂ ಹೆಬ್ಬಾತಿಗೆ ಇಲ್ಲ. ಹಾಗಾಗಿ ಚಳಿಗಾಲದ ಚಿಕ್ಕ ಹಗಲಿನ ಬಹುಪಾಲು ಅದು ಮೇಯುತ್ತಲೇ ಇರಬೇಕು. ಎರಡೂವರೆ, ಮೂರು ಕಿಲೋ ತೂಗುವ ಹಕ್ಕಿ ನೆಲದಿಂದ ಮೇಲೇಳಲು ಮೇಯುವುದಕ್ಕಿಂತ ಹಲವು ಪಟ್ಟು ಹೆಚ್ಚು ಶಕ್ತಿ ಬೇಕು. ಒಂದು ಓಡಿಸುವಿಕೆಯಿಂದ ಖರ್ಚು ಏರುತ್ತದೆ, ಆದಾಯ ನಿಲ್ಲುತ್ತದೆ. ದಿನಗೂಲಿಯವರನ್ನು ಕೆಲಸದ ನಡುವೆ ಎಬ್ಬಿಸಿ ಓಡಿಸಿದ ಹಾಗೆ.

ಕೆನಡಾದ ಸೇಂಟ್ ಲಾರೆನ್ಸ್ ನದಿಯ ಹಿಮ ಹೆಬ್ಬಾತುಗಳ ಮೇಲೆ ನಡೆದ, 1989ರಲ್ಲಿ ಪ್ರಕಟವಾದ ಅಧ್ಯಯನವೊಂದು ವಿಮಾನ, ಬೇಟೆ ಮುಂತಾದ ಅಡಚಣೆಗಳನ್ನು ಲೆಕ್ಕ ಹಾಕಿತು. ಗಂಟೆಗೆ ಎರಡಕ್ಕಿಂತ ಹೆಚ್ಚು ಬಾರಿ ಹಿಂಡು ಬೆದರಿದ ದಿನದ ಮರುದಿನ, ಆ ಜಾಗಕ್ಕೆ ಬಂದ ಹಕ್ಕಿಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದಿತ್ತು. ಒಂದು ನಾಯಿ ಒಂದು ಸಲ ಓಡಿಸಿದರೆ ಹಕ್ಕಿ ಸಾಯುವುದಿಲ್ಲ, ಅದು ನಿಜ. ಆದರೆ ಅದೇ ಹೊಲದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಹತ್ತು ನಾಯಿಗಳು ಬಂದರೆ? ಪ್ರತಿಯೊಬ್ಬ ಒಡೆಯನಿಗೂ ತನ್ನದು "ಒಂದೇ ಸಲ".

"ನಮ್ಮ ನಾಯಿ ಹಗ್ಗದಲ್ಲೇ ಇರುತ್ತದೆ" ಎನ್ನುವವರಿಗೂ ಒಂದು ಮಾಹಿತಿ. ಆಸ್ಟ್ರೇಲಿಯದ ಸಿಡ್ನಿ ಬಳಿಯ ಕಾಡುದಾರಿಗಳಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಗ್ಗ ಹಾಕಿದ ನಾಯಿಯೊಂದಿಗೆ ನಡೆದಾಗ ಕಂಡ ಹಕ್ಕಿ ಪ್ರಭೇದಗಳು ಶೇ 35ರಷ್ಟು, ಹಕ್ಕಿಗಳ ಸಂಖ್ಯೆ ಶೇ 41ರಷ್ಟು ಕಡಿಮೆಯಾದವು. ನಾಯಿಯಿಲ್ಲದೆ ಮನುಷ್ಯರಷ್ಟೇ ನಡೆದಾಗ ಪರಿಣಾಮ ಇದರ ಅರ್ಧಕ್ಕಿಂತ ಕಡಿಮೆ. ಹಕ್ಕಿಯ ಕಣ್ಣಿಗೆ ನಾಯಿ ಎಂದರೆ ನರಿಯೇ. ಹಗ್ಗ ಅದಕ್ಕೆ ಗೊತ್ತಿಲ್ಲ.

ರೈತರಿಗೆ ಹೆಬ್ಬಾತು ಕಾಟವಲ್ಲವೇ ಎಂದು ಕೇಳಬಹುದು. ಕೆಲವೆಡೆ ಹೌದು. ಆದರೆ ನಾರ್ಫೋಕ್‌ನಲ್ಲಿ ಗುಲಾಬಿ ಕಾಲಿನ ಹೆಬ್ಬಾತುಗಳು ಕಿತ್ತು ಮುಗಿದ ಸಕ್ಕರೆ ಬೀಟ್ ಹೊಲದ ಉಳಿಕೆಯನ್ನು ತಿನ್ನುತ್ತವೆ. ಅದರಿಂದ ಯಾರಿಗೂ ನಷ್ಟವಿಲ್ಲ. ಅಲ್ಲಿಂದ ಓಡಿಸಿದರೆ ಅವು ಪಕ್ಕದ ಗೋಧಿ ಹೊಲಕ್ಕೆ ಇಳಿಯಬಹುದು. ಆಗ ನಷ್ಟ ಆ ರೈತನಿಗೆ.

ಹಾರಲಾಗದ ವಾರಗಳು

ಇದು ಹೆಚ್ಚಿನವರಿಗೆ ಗೊತ್ತಿರದ ಸಂಗತಿ. ಕಾಗೆ, ಪಾರಿವಾಳಗಳು ರೆಕ್ಕೆಯ ಗರಿಗಳನ್ನು ಒಂದೆರಡರಂತೆ ಉದುರಿಸಿ ಹೊಸದು ಪಡೆಯುತ್ತವೆ. ಹೆಬ್ಬಾತು ಹಾಗಲ್ಲ. ಹಾರಾಟದ ಗರಿಗಳೆಲ್ಲ ಒಟ್ಟಿಗೇ ಉದುರುತ್ತವೆ. ಬ್ರಿಟನ್ನಿನಲ್ಲಿ ನೆಲೆಸಿದ ಹೆಬ್ಬಾತುಗಳಿಗೆ ಇದು ಸಾಮಾನ್ಯವಾಗಿ ಜೂನ್, ಜುಲೈನಲ್ಲಿ ಆಗುತ್ತದೆ. ಮೂರು, ನಾಲ್ಕು ವಾರ ಅವು ನೆಲದ ಹಕ್ಕಿಗಳು. ಮರಿಗಳಿಗೂ ಹಾರಲು ಎರಡು ತಿಂಗಳ ಹತ್ತಿರ ಬೇಕು. ಆ ದಿನಗಳಲ್ಲಿ ಅವುಗಳಿಗಿರುವ ರಕ್ಷಣೆ ನೀರು ಮಾತ್ರ. ನೀರಿಗೂ ಹಿಂಡಿಗೂ ನಡುವೆ ಲರ್ಚರ್ ಬಂದರೆ "ರೆಕ್ಕೆ ಇದೆಯಲ್ಲ" ಎಂಬ ಮಾತಿಗೆ ಅರ್ಥವೇ ಇಲ್ಲ.

ಹೇಳಿಕೆ 2: "ರೆಕ್ಕೆ ಬೀಸಿದರೆ ಮೂಳೆ ಮುರಿಯುತ್ತದೆ"

ಉತ್ಪ್ರೇಕ್ಷೆ. ಗೂಡು ಅಥವಾ ಮರಿ ಇದ್ದಾಗ ಗಂಡು ಹೆಬ್ಬಾತು ಕತ್ತು ಚಾಚಿ, ಬುಸುಗುಟ್ಟಿ ನುಗ್ಗುತ್ತದೆ. ಕಚ್ಚುತ್ತದೆ, ರೆಕ್ಕೆಯ ಮಣಿಕಟ್ಟಿನ ಗಟ್ಟಿ ಭಾಗದಿಂದ ಬಡಿಯುತ್ತದೆ. ನೋವಾಗುತ್ತದೆ, ಚರ್ಮ ಕಂದುತ್ತದೆ. ಆದರೆ ಮೂರ್ನಾಲ್ಕು ಕಿಲೋ ತೂಕದ ಹಕ್ಕಿಯ ಹಗುರ ರೆಕ್ಕೆ ಆರೋಗ್ಯವಂತ ವಯಸ್ಕರ ಕೈಮೂಳೆ ಮುರಿಯುತ್ತದೆ ಎಂಬುದಕ್ಕೆ ಆಧಾರ ಸಿಗುವುದಿಲ್ಲ. ಇದೇ ಮಾತನ್ನು ಬ್ರಿಟನ್ನಿನಲ್ಲಿ ಹಂಸದ ಬಗ್ಗೆಯೂ ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಹೆದರಿ ಹಿಂದೆ ಸರಿಯುವಾಗ ಜಾರಿ ಬಿದ್ದು ಪೆಟ್ಟಾಗುವ ಸಾಧ್ಯತೆ ಹೆಚ್ಚು, ಮುಖ್ಯವಾಗಿ ಮಕ್ಕಳಿಗೆ ಮತ್ತು ಹಿರಿಯರಿಗೆ.

ಹೇಳಿಕೆ 3: "ನಾಯಿಯ ಹಿಂದೆಯೇ ಬಂದವು, ಎಂಥ ಗೆಳೆತನ!"

ಬೇಟೆಪ್ರಾಣಿ ಕಂಡಾಗ ಬಾತುಗಳು, ಹೆಬ್ಬಾತುಗಳು ಕೆಲವೊಮ್ಮೆ ಓಡುವ ಬದಲು ಗುಂಪಾಗಿ ಅದರತ್ತಲೇ ಬರುತ್ತವೆ. ಶತ್ರುವನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡರೆ ಅದು ಹೊಂಚು ಹಾಕಲು ಆಗುವುದಿಲ್ಲ. ಯುರೋಪಿನ ಬಾತುಬೇಟೆಗಾರರು ಈ ಸ್ವಭಾವವನ್ನೇ ಬಳಸಿಕೊಂಡಿದ್ದರು. ನೆದರ್‌ಲೆಂಡ್ಸ್ ಮತ್ತು ಇಂಗ್ಲೆಂಡ್‌ನಲ್ಲಿ ಕೊಳದ ಬದಿಗೆ ಬಲೆ ಹೊದಿಸಿದ ಕಾಲುವೆ ಕಟ್ಟಿ, ನರಿಯ ಬಣ್ಣದ ನಾಯಿಯನ್ನು ಪರದೆಗಳ ನಡುವೆ ನಡೆಸುತ್ತಿದ್ದರು. ಬಾತುಗಳು ಅದನ್ನು ನೋಡುತ್ತ ಹಿಂಬಾಲಿಸಿ ಬಲೆಗೆ ಬೀಳುತ್ತಿದ್ದವು. ಇಂಗ್ಲೆಂಡಿನ ಬೋರ್‌ಸ್ಟಾಲ್‌ನಲ್ಲಿ ಅಂಥ ಕೊಳವೊಂದು ಇಂದಿಗೂ ಉಳಿದಿದೆ. ಆದ್ದರಿಂದ ವಿಡಿಯೊದಲ್ಲಿ ಕಾಣುವ ಹಿಂಬಾಲಿಕೆ ಬಹುಶಃ ಕಾವಲು, ಸ್ನೇಹವಲ್ಲ. ಮನೆಯಲ್ಲಿ ಒಟ್ಟಿಗೆ ಬೆಳೆದ ಸಾಕು ಹೆಬ್ಬಾತು ಮತ್ತು ನಾಯಿಯ ಕಥೆ ಬೇರೆ.

ಹೇಳಿಕೆ 4: "ವಿಮಾನ ನಿಲ್ದಾಣದಲ್ಲೇ ನಾಯಿ ಬಿಟ್ಟು ಓಡಿಸುತ್ತಾರೆ"

ಇದು ನಿಜ. ಅಮೆರಿಕದ ಫ್ಲೋರಿಡಾದ ಫೋರ್ಟ್ ಮೈಯರ್ಸ್ ವಿಮಾನ ನಿಲ್ದಾಣ 1999ರಲ್ಲಿ ಈ ಕೆಲಸಕ್ಕೆ ಬಾರ್ಡರ್ ಕೋಲಿ ನಾಯಿಯನ್ನು ನೇಮಿಸಿತು. ಕಾರಣವೂ ಗಂಭೀರ: 2009ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ಕೆನಡಾ ಹೆಬ್ಬಾತುಗಳು ಎಂಜಿನ್‌ಗೆ ಸಿಕ್ಕು ವಿಮಾನವೊಂದು ಹಡ್ಸನ್ ನದಿಯ ಮೇಲೆ ಇಳಿಯಬೇಕಾಯಿತು. ಆದರೆ ಅವು ತರಬೇತಿ ಪಡೆದ ನಾಯಿಗಳು. ಹಕ್ಕಿಯನ್ನು ಮುಟ್ಟದೆ ಎಬ್ಬಿಸುತ್ತವೆ, ಸೀಟಿ ಕೇಳಿದರೆ ನಿಲ್ಲುತ್ತವೆ. ಪ್ರಾಣ ಉಳಿಸುವ ಆ ಕೆಲಸಕ್ಕೂ ರೀಲ್ಸ್‌ಗಾಗಿ ಹಗ್ಗ ಬಿಚ್ಚುವುದಕ್ಕೂ ಹೋಲಿಕೆ ಇಲ್ಲ.

ನಾಯಿಗೂ ಅಪಾಯವಿದೆ

2023ರ ಏಪ್ರಿಲ್‌ನಲ್ಲಿ ಕೆನಡಾದ ಅಧಿಕಾರಿಗಳು ಒಂದು ಸಾವನ್ನು ಪ್ರಕಟಿಸಿದರು. ಒಂಟಾರಿಯೊದ ಓಶಾವಾದಲ್ಲಿ ಸಾಕುನಾಯಿಯೊಂದು ಕಾಡು ಹೆಬ್ಬಾತನ್ನು ಕಚ್ಚಿ ಅಗಿದ ನಂತರ ಕಾಯಿಲೆ ಬಿದ್ದು ಸತ್ತಿತ್ತು. ಪರೀಕ್ಷೆಯಲ್ಲಿ ಹಕ್ಕಿ ಜ್ವರದ ಎಚ್5ಎನ್1 ವೈರಸ್ ಪತ್ತೆಯಾಯಿತು. ನಾಯಿಗಳಿಗೆ ಈ ಸೋಂಕು ತಗಲುವುದು ತೀರಾ ಅಪರೂಪ, ಗಾಬರಿ ಬೇಡ. ಆದರೆ ಹಕ್ಕಿಗಳಲ್ಲಿ ಅದು ಅಪರೂಪವಲ್ಲ. ಸಾಲ್ವೇ ಕೊಲ್ಲಿಗೆ ಬರುವ ಬಾರ್ನಕಲ್ ಹೆಬ್ಬಾತುಗಳಲ್ಲಿ ಮೂರನೇ ಒಂದರಷ್ಟು 2021-22ರ ಒಂದೇ ಚಳಿಗಾಲದಲ್ಲಿ ಹಕ್ಕಿ ಜ್ವರಕ್ಕೆ ಬಲಿಯಾದವು. ಎಂಟು ದಶಕಗಳಲ್ಲಿ 300ರಿಂದ ಸಾವಿರಾರಾಗಿ ಬೆಳೆದ ಸಂತತಿಗೆ ಇದು ದೊಡ್ಡ ಪೆಟ್ಟು. ಕಾಯಿಲೆ ಬಿದ್ದ ಹಕ್ಕಿ ನಿಧಾನ. ನಾಯಿಯ ಬಾಯಿಗೆ ಸುಲಭವಾಗಿ ಸಿಗುವುದು ಅಂಥದ್ದೇ.

ಓಟದ ನಾಯಿಗಳ ಚರ್ಮ ತೆಳು. ಪೂರ್ಣ ವೇಗದಲ್ಲಿ ಮುಳ್ಳುತಂತಿಗೆ ತಗಲಿದರೆ ಸೀಳಿಹೋಗುತ್ತದೆ. ಹಿಂಡಿನ ಹಿಂದೆ ಕೆಸರುದಂಡೆಗೆ ಓಡಿದ ನಾಯಿಯೂ, ಅದನ್ನು ಹಿಡಿಯಲು ಹೋದವರೂ ಸಮುದ್ರದ ಉಬ್ಬರಕ್ಕೆ ಸಿಕ್ಕಿಬೀಳುವ ಅಪಾಯವಿದೆ.

ಅಲ್ಲಿನ ಕಾನೂನು ಏನು ಹೇಳುತ್ತದೆ?

ಬ್ರಿಟನ್ನಿನಲ್ಲಿ ಓದುವ, ದುಡಿಯುವ ಕನ್ನಡಿಗರಲ್ಲಿ ನಾಯಿ ಸಾಕಿದವರು ಇದನ್ನು ತಿಳಿದಿರಬೇಕು. 1981ರ ವನ್ಯಜೀವಿ ಮತ್ತು ಗ್ರಾಮೀಣ ಪ್ರದೇಶ ಕಾಯ್ದೆಯ ಪ್ರಕಾರ ಕಾಡುಹಕ್ಕಿಯನ್ನು ಬೇಕೆಂದೇ ಕೊಲ್ಲುವುದು, ಗಾಯಗೊಳಿಸುವುದು ಅಪರಾಧ. ಕೆಲವು ಹೆಬ್ಬಾತು ಪ್ರಭೇದಗಳನ್ನು ನಿಗದಿತ ಋತುವಿನಲ್ಲಿ ಬಂದೂಕಿನಿಂದ ಬೇಟೆಯಾಡಲು ವಿನಾಯಿತಿ ಇದೆ. ಇಂಗ್ಲೆಂಡಿನ ಮುಕ್ತ ಪ್ರವೇಶದ ಬಯಲುಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಗೆ 2 ಮೀಟರ್ ಮೀರದ ಹಗ್ಗ ಕಡ್ಡಾಯ. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಕಾಲ ಅದು. ಸಾಕು ಹೆಬ್ಬಾತುಗಳಿಗೆ 1953ರ ಜಾನುವಾರು ರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅವನ್ನು ಅಟ್ಟಿದರೂ ಒಡೆಯ ಹೊಣೆಗಾರ. "ನಾಯಿಬೇಟೆ ನಿಷೇಧವಾಗಿರುವುದು ಸಸ್ತನಿಗಳಿಗೆ ಮಾತ್ರ, ಹಕ್ಕಿಗೆ ಅಲ್ಲ" ಎಂಬ ವಾದ ಕೇಳಿಬರುತ್ತದೆ. 2004ರ ಬೇಟೆ ಕಾಯ್ದೆಯ ಮಟ್ಟಿಗೆ ಅದು ಸರಿ. ಆದರೆ ಹಕ್ಕಿಗಳಿಗೆ 1981ರ ಕಾಯ್ದೆ ಇದೆ ಎಂಬುದನ್ನು ಆ ವಾದ ಬಿಟ್ಟುಬಿಡುತ್ತದೆ.

ನಮ್ಮೂರಿಗೂ ಸಂಬಂಧವಿದೆಯೇ?

ಇದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಈ ಕೆರೆ ರಾಮ್ಸರ್ ತಾಣವಾಯಿತು. ಸುತ್ತಲಿನ ಹೊಲಗಳಲ್ಲಿ ಮೇಯ್ದು ಕೆರೆಯಲ್ಲಿ ವಿಶ್ರಮಿಸುವ ಇವಕ್ಕೂ ಲೆಕ್ಕ ಅದೇ: ಎಷ್ಟು ಸಲ ಬೆದರಿದರೆ ಅಷ್ಟು ನಷ್ಟ. ಹಿಮಾಚಲ ಪ್ರದೇಶದ ಪಾಂಗ್ ಅಣೆಕಟ್ಟೆಯಲ್ಲಿ 2020ರ ಕೊನೆ ಮತ್ತು 2021ರ ಆರಂಭದಲ್ಲಿ ಹಕ್ಕಿ ಜ್ವರದಿಂದ ಸತ್ತ ಸಾವಿರಾರು ಹಕ್ಕಿಗಳಲ್ಲಿ ಹೆಚ್ಚಿನವು ಇದೇ ಪ್ರಭೇದದವು.

ನೀವು ಏನು ಮಾಡಬಹುದು?

• ಹೆಬ್ಬಾತು ಹಿಂಡು ಕಂಡ ಕೂಡಲೇ ನಾಯಿಗೆ ಹಗ್ಗ ಹಾಕಿ, ಸಾಧ್ಯವಾದರೆ ದಾರಿ ಬದಲಿಸಿ. ಹಕ್ಕಿಗಳು ಮೇಯುವುದು ಬಿಟ್ಟು ಕತ್ತೆತ್ತಿ ನೋಡಿದರೆ ನೀವು ಆಗಲೇ ತುಂಬಾ ಹತ್ತಿರ ಬಂದಿದ್ದೀರಿ ಎಂದರ್ಥ.
• ಹೆಬ್ಬಾತು ಬುಸುಗುಟ್ಟಿದರೆ ಓಡಬೇಡಿ. ಅದರ ಕಡೆಗೇ ಮುಖ ಮಾಡಿ ನಿಧಾನವಾಗಿ ಹಿಂದೆ ಸರಿಯಿರಿ.
• ಸತ್ತ ಹಕ್ಕಿಯನ್ನು ಮುಟ್ಟಬೇಡಿ, ನಾಯಿಗೆ ಮೂಸಲು ಬಿಡಬೇಡಿ. ಸ್ಥಳೀಯ ಪಶುವೈದ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸಿ.
• ನಾಯಿ ಹಕ್ಕಿಯನ್ನು ಕಚ್ಚಿದ್ದು, ಆಮೇಲೆ ಜ್ವರ, ಸುಸ್ತು ಅಥವಾ ಉಸಿರಾಟದ ತೊಂದರೆ ಕಂಡರೆ ಪಶುವೈದ್ಯರಿಗೆ ಆ ಸಂಗತಿಯನ್ನು ಮರೆಯದೆ ಹೇಳಿ.

ಕೊನೆಯದಾಗಿ

ಆ ವಿಡಿಯೊ ಸಾಮಾನ್ಯವಾಗಿ ಇಪ್ಪತ್ತು ಸೆಕೆಂಡಿಗೆ ಮುಗಿಯುತ್ತದೆ. ಹಿಂಡು ಎಲ್ಲಿ ಇಳಿಯಿತು, ಎಷ್ಟು ಹೊತ್ತು ಮೇಯಲಿಲ್ಲ, ಯಾವ ಮರಿ ಗುಂಪಿನಿಂದ ತಪ್ಪಿತು ಎಂಬುದು ಅದರಲ್ಲಿ ಇರುವುದಿಲ್ಲ. ಅದು ನಿಮ್ಮ ಫೋನಿಗೆ ಬಂದರೆ ನಗುವ ಇಮೋಜಿಯೊಂದಿಗೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ "ಗರಿ ಉದುರಿದ ಕಾಲದಲ್ಲಿ ಇವಕ್ಕೆ ಹಾರಲು ಬರುವುದಿಲ್ಲ, ಗೊತ್ತಾ?" ಎಂದು ಒಂದು ಸಾಲು ಬರೆಯಿರಿ. ಹೆಚ್ಚಿನವರಿಗೆ ಅದು ಗೊತ್ತಿರುವುದಿಲ್ಲ. ಈ ಲೇಖನಕ್ಕೆ ತಯಾರಿ ನಡೆಸುವ ಮೊದಲು ನಮಗೂ ಗೊತ್ತಿರಲಿಲ್ಲ.