ಇಬ್ಬರ ಆಟ, ಒಬ್ಬರ ಲೆಕ್ಕ

ಬ್ಯಾಡ್ಮಿಂಟನ್‌ಗೆ ಒಂದು ಕಾಲದಲ್ಲಿ 'ಪೂನಾ' ಎಂದೇ ಹೆಸರಿತ್ತು. 19ನೇ ಶತಮಾನದ ಉತ್ತರಾರ್ಧದಲ್ಲಿ ಪುಣೆಯ ದಂಡಿನಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಈ ಆಟ ಆಡುತ್ತಿದ್ದರು. ಅದರ ಮೊದಲ ನಿಯಮಗಳು 1870ರ ದಶಕದಲ್ಲಿ ರೂಪುಗೊಂಡದ್ದು ಅಲ್ಲಿಯೇ. ರಜೆಯ ಮೇಲೆ ಊರಿಗೆ ಮರಳಿದವರು ಆಟವನ್ನೂ ಹೊತ್ತೊಯ್ದರು. ಗ್ಲಾಸ್ಟರ್‌ಷೈರ್‌ನ ಬ್ಯಾಡ್ಮಿಂಟನ್ ಹೌಸ್ ಎಂಬ ಜಮೀನ್ದಾರಿ ಬಂಗಲೆಯ ಹೆಸರು ಅದಕ್ಕೆ ಅಂಟಿಕೊಂಡಿತು. 1899ರಲ್ಲಿ ಮೊದಲ ಆಲ್ ಇಂಗ್ಲೆಂಡ್ ಟೂರ್ನಿ ನಡೆದಾಗ ಅದರಲ್ಲಿ ಇದ್ದದ್ದು ಮೂರೇ ವಿಭಾಗ: ಪುರುಷರ ಡಬಲ್ಸ್, ಮಹಿಳೆಯರ ಡಬಲ್ಸ್, ಮಿಶ್ರ ಡಬಲ್ಸ್. ಸಿಂಗಲ್ಸ್ ಸೇರಿದ್ದು ಮರುವರ್ಷ.

ಆಟದ ಹಿರಿಯ ಮಗಳು ಡಬಲ್ಸ್. ಆದರೆ ನಮ್ಮ ದೇಶದಲ್ಲಿ ಬ್ಯಾಡ್ಮಿಂಟನ್ ಕಥೆ ಎಂದರೆ ಸಿಂಗಲ್ಸ್‌ನ ಕಥೆ. ಪ್ರಕಾಶ್ ಪಡುಕೋಣೆ, ಗೋಪಿಚಂದ್, ಸೈನಾ, ಸಿಂಧು ಎಂದು ಬೆರಳು ಮಡಿಸುವವರು ಮಹಿಳೆಯರ ಡಬಲ್ಸ್‌ಗೆ ಬಂದಾಗ ತಡವರಿಸುತ್ತಾರೆ. ಹೀಗಾಗಲು ಪ್ರತಿಭೆಯ ಕೊರತೆ ಕಾರಣವಲ್ಲ. ಡಬಲ್ಸ್‌ನಲ್ಲಿ ಆಡುವುದು ಜೋಡಿ, ನಮ್ಮ ವ್ಯವಸ್ಥೆ ಪೋಷಿಸಿದ್ದು ವ್ಯಕ್ತಿಯನ್ನು. ಪುಣೆಯ ದೇವಧರ್ ಸೋದರಿಯರಿಂದ ಕೊಡಗು ಮೂಲದ ಅಶ್ವಿನಿ ಪೊನ್ನಪ್ಪ ಅವರವರೆಗಿನ ಹಾದಿಯಲ್ಲಿ ಇದು ಮತ್ತೆ ಮತ್ತೆ ಎದುರಾಗುತ್ತದೆ.

ಮನೆಯೇ ಕೊಟ್ಟ ಜೋಡಿ

ಪ್ರೊ. ಡಿ.ಬಿ. ದೇವಧರ್ ಅವರನ್ನು ದೇಶ ಬಲ್ಲದ್ದು ಕ್ರಿಕೆಟ್‌ನಿಂದ. ಪುಣೆಯಲ್ಲಿ ಸಂಸ್ಕೃತದ ಅಧ್ಯಾಪಕರಾಗಿದ್ದ ಅವರು ಮಹಾರಾಷ್ಟ್ರಕ್ಕೆ ಸತತ ಎರಡು ಬಾರಿ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ. ದೇವಧರ್ ಟ್ರೋಫಿ ಅವರ ಹೆಸರಿನದೇ. ಅವರ ಮಕ್ಕಳಾದ ತಾರಾ, ಸುಂದರ್ ಮತ್ತು ಸುಮನ್ ಹಿಡಿದದ್ದು ಬ್ಯಾಡ್ಮಿಂಟನ್ ರ‍್ಯಾಕೆಟ್. 1940ರ ದಶಕದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಲ್ಲಿ ಈ ಸೋದರಿಯರದೇ ಮೇಲುಗೈ.

ಒಂದೇ ಮನೆಯಲ್ಲಿ ಬೆಳೆದ ಅಕ್ಕತಂಗಿಯರು ಜೊತೆಗಾರ್ತಿಗಾಗಿ ಬೇರೆಲ್ಲೂ ಹುಡುಕಬೇಕಿರಲಿಲ್ಲ. ಹೆಣ್ಣುಮಕ್ಕಳು ಆಟದ ಅಂಗಳಕ್ಕಿಳಿಯುವುದೇ ಅಪರೂಪವಾಗಿದ್ದ ಕಾಲದಲ್ಲಿ ಜೋಡಿಯನ್ನು ಕಟ್ಟಿಕೊಟ್ಟದ್ದು ಕುಟುಂಬ. ಆ ಕೆಲಸವನ್ನು ಮುಂದೆ ಆಟದ ಸಂಸ್ಥೆಗಳು ವಹಿಸಿಕೊಳ್ಳಬೇಕಿತ್ತು. ಅದು ಆಗಲು ಬಹಳ ಕಾಲ ಹಿಡಿಯಿತು.

ಜಾಗತಿಕವಾಗಿ ಡಬಲ್ಸ್‌ನ ತೂಕ ಆಗಲೂ ದೊಡ್ಡದಿತ್ತು. 1957ರಲ್ಲಿ ಮಹಿಳಾ ತಂಡಗಳ ವಿಶ್ವ ಟೂರ್ನಿಯಾದ ಊಬರ್ ಕಪ್ ಮೊದಲ ಬಾರಿ ನಡೆದಾಗ ಒಂದು ಮುಖಾಮುಖಿಯಲ್ಲಿ ಮೂರು ಸಿಂಗಲ್ಸ್, ನಾಲ್ಕು ಡಬಲ್ಸ್ ಇರುತ್ತಿದ್ದವು. ಭಾರತಕ್ಕೆ ಮಹಿಳೆಯರ ಡಬಲ್ಸ್‌ನಲ್ಲಿ ದೊಡ್ಡ ಪದಕ ಬಂದದ್ದು 1978ರಲ್ಲಿ. ಎಡ್ಮಂಟನ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅಮಿ ಘಿಯಾ ಮತ್ತು ಕನ್ವಲ್ ಠಾಕರ್ ಸಿಂಗ್ ಕಂಚು ಗೆದ್ದರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಮಹಿಳಾ ತಂಡದ ಕಂಚಿನಲ್ಲೂ ಇಬ್ಬರ ಪಾಲಿತ್ತು.

ಆನಂತರದ ಕಾಲವನ್ನು ಒಂದೇ ಮಾತಿನಲ್ಲಿ ದಾಟಬಹುದು: ಒಬ್ಬರೇ ಎಲ್ಲವನ್ನೂ ಆಡಿದ ಕಾಲ. ಮಧುಮಿತಾ ಬಿಷ್ಟ್ ಎಂಟು ಬಾರಿ ಸಿಂಗಲ್ಸ್, ಒಂಬತ್ತು ಬಾರಿ ಡಬಲ್ಸ್, ಹನ್ನೆರಡು ಬಾರಿ ಮಿಶ್ರ ಡಬಲ್ಸ್ ರಾಷ್ಟ್ರ ಪ್ರಶಸ್ತಿ ಗೆದ್ದರು. ಅವರ ಸಾಮರ್ಥ್ಯಕ್ಕೆ ತಲೆಬಾಗಲೇಬೇಕು. ಆದರೆ ಡಬಲ್ಸ್‌ಗೆಂದೇ ಬದುಕು ಮೀಸಲಿಟ್ಟ ಆಟಗಾರ್ತಿಗೆ ಆಗ ನಮ್ಮಲ್ಲಿ ಜಾಗವೇ ಇರಲಿಲ್ಲ ಎಂಬುದನ್ನೂ ಅದೇ ಪಟ್ಟಿ ಹೇಳುತ್ತದೆ.

ಆ ಜಾಗವನ್ನು ಮೊದಲು ಹಕ್ಕಿನಿಂದ ಕೇಳಿದವರು ಜ್ವಾಲಾ ಗುಟ್ಟಾ. ಮಹಾರಾಷ್ಟ್ರದ ವಾರ್ಧಾದಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ಎಸ್.ಎಂ. ಆರಿಫ್ ಅವರ ಗರಡಿಯಲ್ಲಿ ಪಳಗಿದವರು. ಶ್ರುತಿ ಕುರಿಯನ್ ಜೊತೆ 2002ರಿಂದ ಸತತ ಏಳು ವರ್ಷ ರಾಷ್ಟ್ರ ಪ್ರಶಸ್ತಿ ಗೆದ್ದು, ಡಬಲ್ಸ್ ಆಟಗಾರ್ತಿ ಎಂಬ ಗುರುತನ್ನೇ ತನ್ನ ಗುರುತಾಗಿಸಿಕೊಂಡರು.

ಎಡಗೈ, ಬಲಗೈ

ಅಶ್ವಿನಿ ಪೊನ್ನಪ್ಪ ಹುಟ್ಟಿದ್ದು 1989ರಲ್ಲಿ, ಬೆಂಗಳೂರಿನಲ್ಲಿ, ಕೊಡವ ಕುಟುಂಬದಲ್ಲಿ. ತಂದೆ ಹಾಕಿ ಆಟಗಾರರು, ರೈಲ್ವೆ ಉದ್ಯೋಗಿ. ಹಾಕಿಯೇ ಮನೆಯಾಟವಾಗಿರುವ ಜನಾಂಗದ ಹುಡುಗಿ ಶಟಲ್ ಹಿಂದೆ ಓಡಿದಳು. ಜ್ವಾಲಾ ಜೊತೆಗೂಡಿದಾಗ ಎಡಗೈ ಆಟಕ್ಕೆ ಬಲಗೈ ಆಟ ಸೇರಿತು. ನೆಟ್ ಬಳಿ ಜ್ವಾಲಾ ಅವರ ಮಣಿಕಟ್ಟಿನ ಚಳಕ, ಹಿಂದಿನಿಂದ ಅಶ್ವಿನಿಯ ಬಿರುಸಿನ ಸ್ಮ್ಯಾಷ್.

ಮಹಿಳೆಯರ ಡಬಲ್ಸ್ ಎಂಥ ಆಟ ಎಂದು ತಿಳಿದರೆ ಈ ಹೊಂದಾಣಿಕೆಯ ಬೆಲೆ ಗೊತ್ತಾಗುತ್ತದೆ. ಸಿಂಗಲ್ಸ್ ಅಂಕಣದ ಅಗಲ 5.18 ಮೀಟರ್, ಡಬಲ್ಸ್‌ನದು 6.10 ಮೀಟರ್. ಸರ್ವ್ ಬೀಳಬೇಕಾದ ಜಾಗ ಮಾತ್ರ ಉದ್ದದಲ್ಲಿ ಚಿಕ್ಕದು. ಹಾಗಾಗಿ ಮೊದಲ ಮೂರು ಹೊಡೆತಗಳಲ್ಲೇ ಯಾರ ಕೈ ಮೇಲು ಎಂಬುದು ಬಹುಪಾಲು ತೀರ್ಮಾನವಾಗುತ್ತದೆ. ದಾಳಿಗಿಳಿದ ಜೋಡಿ ಹಿಂದೆ-ಮುಂದೆ ನಿಲ್ಲುತ್ತದೆ. ಶಟಲ್ ಮೇಲೆತ್ತಿ ಕೊಡಬೇಕಾಗಿ ಬಂದ ಜೋಡಿ ಅಕ್ಕಪಕ್ಕಕ್ಕೆ ಸರಿಯುತ್ತದೆ. ಒಂದೇ ಸ್ಮ್ಯಾಷ್‌ಗೆ ಪಾಯಿಂಟ್ ಸಿಗುವುದು ವಿರಳ. ರ‍್ಯಾಲಿಗಳು ಎಳೆದಷ್ಟೂ ಉದ್ದವಾಗುತ್ತವೆ. ಅಷ್ಟೂ ಹೊತ್ತು ಇಬ್ಬರ ನಡುವಣ ಶಟಲ್ ಯಾರದು ಎಂಬುದನ್ನು ಕಣ್ಣೆವೆ ಮುಚ್ಚುವಷ್ಟರಲ್ಲಿ ನಿರ್ಧರಿಸಬೇಕು. ಇದು ವರ್ಷಗಟ್ಟಲೆ ಜೊತೆಯಾಗಿ ಆಡಿದವರಿಗಷ್ಟೇ ಒಲಿಯುವ ವಿದ್ಯೆ.

2010ರ ಅಕ್ಟೋಬರ್‌ನಲ್ಲಿ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಫೈನಲ್‌ನಲ್ಲಿ ಸಿಂಗಪುರದ ಶಿಂಟಾ ಮೂಲಿಯಾ ಸಾರಿ-ಯಾವೊ ಲೇ ಜೋಡಿಯನ್ನು ಮಣಿಸಿ ಜ್ವಾಲಾ-ಅಶ್ವಿನಿ ಚಿನ್ನ ಗೆದ್ದರು. ಈ ವಿಭಾಗದಲ್ಲಿ ಭಾರತಕ್ಕೆ ಅದೇ ಮೊದಲ ಚಿನ್ನ. ಮರುವರ್ಷ ಲಂಡನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇಂಡೊನೇಷ್ಯಾದ ಜೋಡಿಯನ್ನು ಕ್ವಾರ್ಟರ್ ಫೈನಲ್‌ನಲ್ಲಿ ಸೋಲಿಸಿ ಕಂಚು ಖಚಿತಪಡಿಸಿಕೊಂಡರು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1983ರ ಪ್ರಕಾಶ್ ಪಡುಕೋಣೆ ಅವರ ಕಂಚಿನ ನಂತರ ಭಾರತ ಕಂಡ ಮೊದಲ ಪದಕ ಅದು. ಸೈನಾ, ಸಿಂಧು ಅವರ ವಿಶ್ವ ಪದಕಗಳಿಗಿಂತ ಮೊದಲೇ ಇಬ್ಬರು ಡಬಲ್ಸ್ ಆಟಗಾರ್ತಿಯರು ಆ ವೇದಿಕೆ ಏರಿದ್ದರು ಎಂಬುದನ್ನು ಎಷ್ಟು ಮಂದಿ ನೆನಪಿಟ್ಟಿದ್ದೇವೆ?

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಗುಂಪಿನ ಮೂರು ಪಂದ್ಯಗಳಲ್ಲಿ ಎರಡನ್ನು ಗೆದ್ದರು. ಜಪಾನ್, ತೈವಾನ್ ಜೋಡಿಗಳೂ ತಲಾ ಎರಡು ಗೆದ್ದಿದ್ದವು. ಒಂದೇ ಒಂದು ಪಾಯಿಂಟ್‌ನ ವ್ಯತ್ಯಾಸದಲ್ಲಿ ಕ್ವಾರ್ಟರ್ ಫೈನಲ್ ತಪ್ಪಿಹೋಯಿತು. ಬೇಕೆಂದೇ ಸೋಲಲು ಯತ್ನಿಸಿದ ನಾಲ್ಕು ಜೋಡಿಗಳನ್ನು ಹೊರಹಾಕಿದ್ದು ಅದೇ ಕೂಟದ, ಅದೇ ವಿಭಾಗದಲ್ಲಿ.

ಪುಣೆಯ ತಂಡ, ಇಲ್ಲದ ಪಂದ್ಯ

2013ರಲ್ಲಿ ಇಂಡಿಯನ್ ಬ್ಯಾಡ್ಮಿಂಟನ್ ಲೀಗ್ ಶುರುವಾಯಿತು. ಸೈನಾ, ಸಿಂಧು ಅವರಂತೆ ಜ್ವಾಲಾ, ಅಶ್ವಿನಿ ಕೂಡ ಐಕಾನ್ ಆಟಗಾರ್ತಿಯರು. ಮೂಲಬೆಲೆ 50 ಸಾವಿರ ಡಾಲರ್. ಆದರೆ ಹರಾಜಿನ ಹೊತ್ತಿಗೆ ಮಹಿಳೆಯರ ಡಬಲ್ಸ್ ಅನ್ನೇ ಕೈಬಿಟ್ಟು, ಅದರ ಜಾಗಕ್ಕೆ ಪುರುಷರ ಇನ್ನೊಂದು ಸಿಂಗಲ್ಸ್ ತರಲಾಯಿತು. ಇಬ್ಬರ ಮೂಲಬೆಲೆ ಅರ್ಧಕ್ಕಿಳಿಯಿತು. ಇಬ್ಬರೂ ಬಹಿರಂಗವಾಗಿಯೇ ಅಸಮಾಧಾನ ಹೇಳಿಕೊಂಡರು. 25 ಸಾವಿರ ಡಾಲರ್‌ಗೆ ಅಶ್ವಿನಿಯನ್ನು ಪಡೆದ ತಂಡ ಪುಣೆ ಪಿಸ್ಟನ್ಸ್. ಮಹಿಳೆಯರ ಡಬಲ್ಸ್‌ನ ವಿಶ್ವ ಪದಕ ವಿಜೇತೆ ಆಟದ ತವರೂರಿನ ಪರವಾಗಿ ಆಡಿದರು, ಆದರೆ ಆಕೆಯ ವಿಭಾಗವೇ ಅಲ್ಲಿರಲಿಲ್ಲ. ಪ್ರೀಮಿಯರ್ ಬ್ಯಾಡ್ಮಿಂಟನ್ ಲೀಗ್ ಎಂದು ಹೆಸರು ಬದಲಾಗಿ, 2018ರ ಕೊನೆಗೆ ಪುಣೆ 7 ಏಸಸ್ ತಂಡ ಬಂದಾಗಲೂ ಈ ಕೊರತೆ ಹಾಗೆಯೇ ಇತ್ತು.

ಅದೇ ಪುಣೆಯ ಬಾಲೇವಾಡಿ ಕ್ರೀಡಾಂಗಣ 2008ರಲ್ಲಿ ಕಾಮನ್‌ವೆಲ್ತ್ ಯೂತ್ ಕ್ರೀಡಾಕೂಟ, ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್ ಎರಡನ್ನೂ ಕಂಡಿತ್ತು. ಎರಡರಲ್ಲೂ ಸಿಂಗಲ್ಸ್ ಚಿನ್ನ ಸೈನಾಗೆ. ತೃಪ್ತಿ ಮುರಗುಂಡೆ, ಅದಿತಿ ಮುಟಾಟ್ಕರ್ ಅವರಂಥ ಒಳ್ಳೆಯ ಆಟಗಾರ್ತಿಯರನ್ನು ಈ ಊರು ಕೊಟ್ಟಿದೆ. ಅವರೂ ಹೆಸರಾದದ್ದು ಸಿಂಗಲ್ಸ್‌ನಲ್ಲಿ.

ಡಬಲ್ಸ್ ಅನ್ನು ಬದಿಗಿಟ್ಟದ್ದರ ಬೆಲೆ 2014ರಲ್ಲಿ ದೇಶಕ್ಕೇ ತಟ್ಟಿತು. ದೆಹಲಿಯಲ್ಲಿ ನಡೆದ ಊಬರ್ ಕಪ್‌ನಲ್ಲಿ ಭಾರತ ಮೊದಲ ಬಾರಿ ಸೆಮಿಫೈನಲ್ ತಲುಪಿ, ಜಪಾನ್ ವಿರುದ್ಧ ಸೈನಾ, ಸಿಂಧು ಗೆಲುವಿನಿಂದ 2-0 ಮುಂದಿತ್ತು. ಜ್ವಾಲಾ-ಅಶ್ವಿನಿ ಸೋತರು, ಮೂರನೆಯ ಸಿಂಗಲ್ಸ್ ಕೂಡ ಹೋಯಿತು. ನಿರ್ಣಾಯಕ ಎರಡನೆಯ ಡಬಲ್ಸ್‌ಗೆ ಅಂಥದೇ ಇನ್ನೊಂದು ಜೋಡಿ ನಮ್ಮಲ್ಲಿರಲಿಲ್ಲ. ಆಗಲೇ ಸಿಂಗಲ್ಸ್ ಆಡಿದ್ದ ಸೈನಾ, ಸಿಂಧು ಅವರನ್ನೇ ಒಟ್ಟಿಗೆ ಇಳಿಸಬೇಕಾಯಿತು. ಮಿಯುಕಿ ಮಯೇಡಾ-ರೇಯ್ಕಾ ಕಾಕಿಯಿವಾ ಗೆದ್ದರು, ಜಪಾನ್ ಫೈನಲ್‌ಗೆ ಹೋಯಿತು. ಇಬ್ಬರು ಮಹಾನ್ ಆಟಗಾರ್ತಿಯರನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದ ಮಾತ್ರಕ್ಕೆ ಡಬಲ್ಸ್ ಜೋಡಿ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮತ್ತೆ ಮತ್ತೆ ಮೊದಲಿನಿಂದ

ಅಶ್ವಿನಿಯ ವೃತ್ತಿಜೀವನವನ್ನು ಜೊತೆಗಾರ್ತಿಯರ ಹೆಸರಿನಿಂದಲೇ ಅಧ್ಯಾಯಗಳಾಗಿ ವಿಂಗಡಿಸಬಹುದು. ಲಂಡನ್ ಒಲಿಂಪಿಕ್ಸ್ ಬಳಿಕ ಜ್ವಾಲಾ ಬಿಡುವು ಪಡೆದಾಗ ಪ್ರಜ್ಞಾ ಗದ್ರೆ. ಮತ್ತೆ ಜ್ವಾಲಾ: 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಬೆಳ್ಳಿ, 2015ರ ಕೆನಡಾ ಓಪನ್ ಪ್ರಶಸ್ತಿ, 2016ರ ರಿಯೊ ಒಲಿಂಪಿಕ್ಸ್. ಆಮೇಲೆ ಎನ್. ಸಿಕ್ಕಿ ರೆಡ್ಡಿ: 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್‌ನಲ್ಲಿ ಕಂಚು. ಕೊನೆಗೆ ಗೋವಾ ಮೂಲದ, ದುಬೈನಲ್ಲಿ ಹುಟ್ಟಿದ ತನಿಷಾ ಕ್ರಾಸ್ಟೊ.

ಪ್ರತಿ ಅಧ್ಯಾಯವೂ ಬಹುತೇಕ ಸೊನ್ನೆಯಿಂದ ಶುರು. ವಿಶ್ವ ಡಬಲ್ಸ್ ರ‍್ಯಾಂಕಿಂಗ್‌ನಲ್ಲಿ ಅಂಕಗಳು ಜೋಡಿಗೆ ಸೇರಿದವು. ಜೋಡಿ ಮುರಿದರೆ ಇಬ್ಬರೂ ಗಳಿಸಿದ್ದನ್ನು ಬಿಟ್ಟು ಸಣ್ಣ ಟೂರ್ನಿಗಳಿಂದ ಹತ್ತಬೇಕು. ಹಣದ ಲೆಕ್ಕ ಇನ್ನೂ ಬಿಗಿ. ವಿಶ್ವ ಟೂರ್‌ನ ಸಾಮಾನ್ಯ ಟೂರ್ನಿಗಳಲ್ಲಿ ಒಟ್ಟು ಬಹುಮಾನದ ಶೇ 7.5 ಸಿಂಗಲ್ಸ್ ವಿಜೇತೆಗೆ, ಶೇ 7.9 ಡಬಲ್ಸ್ ಗೆದ್ದ ಜೋಡಿಗೆ. ಒಂದು ಲಕ್ಷ ಡಾಲರ್‌ನ ಟೂರ್ನಿಯಲ್ಲಿ ಸಿಂಗಲ್ಸ್ ಗೆದ್ದವಳಿಗೆ 7,500 ಡಾಲರ್, ಡಬಲ್ಸ್ ಗೆದ್ದವರಿಗೆ ತಲಾ 3,950. ವಿಮಾನದ ಟಿಕೆಟ್, ಹೋಟೆಲ್ ಬಾಡಿಗೆ, ಫಿಸಿಯೊ ಖರ್ಚು ಅರ್ಧಕ್ಕೆ ಇಳಿಯುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ 33ರ ಅಶ್ವಿನಿ, ಹದಿಹರೆಯ ದಾಟದ ತನಿಷಾ ಜೊತೆ 2023ರಲ್ಲಿ ಹೊಸದಾಗಿ ಹತ್ತಲು ನಿಂತರು. ಆ ವರ್ಷವೇ ಅಬುಧಾಬಿ ಮಾಸ್ಟರ್ಸ್, ಗುವಾಹಟಿ ಮಾಸ್ಟರ್ಸ್ ಗೆದ್ದು, ಸಯ್ಯದ್ ಮೋದಿ ಟೂರ್ನಿಯ ಫೈನಲ್ ಆಡಿ, ಮರುವರ್ಷ ಭಾರತಕ್ಕಿದ್ದ ಒಂದೇ ಒಂದು ಪ್ಯಾರಿಸ್ ಒಲಿಂಪಿಕ್ಸ್ ಸ್ಥಾನವನ್ನು ದಕ್ಕಿಸಿಕೊಂಡರು. ಪ್ಯಾರಿಸ್‌ನಲ್ಲಿ ಮೂರೂ ಪಂದ್ಯ ಸೋತು, ಇದೇ ತಮ್ಮ ಕೊನೆಯ ಒಲಿಂಪಿಕ್ಸ್ ಎಂದು ಅಶ್ವಿನಿ ಹೇಳಿದರು. ಫಲಿತಾಂಶ ಏನೇ ಇರಲಿ, ಸೊನ್ನೆಯಿಂದ ಹದಿನಾರು ತಿಂಗಳಲ್ಲಿ ಒಲಿಂಪಿಕ್ಸ್ ಅರ್ಹತೆ ಗಳಿಸಿದ ಆ ಏರಿಕೆ ಭಾರತೀಯ ಬ್ಯಾಡ್ಮಿಂಟನ್‌ನ ದೊಡ್ಡ ಸಾಹಸಗಳಲ್ಲಿ ಒಂದು.

ಮುಂದಿನ ದಾರಿ

ಆ ಒಂದು ಸ್ಥಾನಕ್ಕೆ ಕೊನೆಯವರೆಗೂ ಪೈಪೋಟಿ ಕೊಟ್ಟದ್ದು ಕಣ್ಣೂರಿನ ಟ್ರೀಸಾ ಜಾಲಿ ಮತ್ತು ಹೈದರಾಬಾದಿನ ಗಾಯತ್ರಿ ಗೋಪಿಚಂದ್. 2022ರಲ್ಲಿ ಕಾಯ್ದಿರಿಸಿದವರ ಪಟ್ಟಿಯಿಂದ ಆಲ್ ಇಂಗ್ಲೆಂಡ್‌ಗೆ ಒಳಬಂದು ಸೆಮಿಫೈನಲ್ ತಲುಪಿದ ಜೋಡಿ ಇದು. ಮರುವರ್ಷವೂ ಅಲ್ಲಿಗೇ ಮುಟ್ಟಿತು. 2022ರಲ್ಲೇ ಕಾಮನ್‌ವೆಲ್ತ್ ಕಂಚು, 2024ರ ಏಷ್ಯಾ ತಂಡ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಥಾಯ್ಲೆಂಡ್ ವಿರುದ್ಧ ಡಬಲ್ಸ್ ಗೆಲುವು. ಆ ಫೈನಲ್ ಭಾರತ 3-2ರಿಂದ ಗೆದ್ದಿತು. ದೆಹಲಿಯಲ್ಲಿ ಜಪಾನ್ ಎದುರು ಇಲ್ಲದ ಆ ಒಂದು ಡಬಲ್ಸ್ ಅಂಕ ಈ ಬಾರಿ ಕೈಯಲ್ಲಿತ್ತು.

ಟ್ರೀಸಾ-ಗಾಯತ್ರಿ ಎಳೆಯ ವಯಸ್ಸಿನಲ್ಲೇ ಜೊತೆಯಾದವರು, ಒಂದೇ ಅಕಾಡೆಮಿಯಲ್ಲಿ ಅಭ್ಯಾಸ ಮಾಡುವವರು. ದೇವಧರ್ ಸೋದರಿಯರಿಗೆ ಮನೆ ಕೊಟ್ಟದ್ದನ್ನು ಇವರಿಗೆ ಅಕಾಡೆಮಿ ಕೊಟ್ಟಿದೆ. 2015ರಲ್ಲಿ ಡಬಲ್ಸ್‌ಗೆಂದೇ ಬಂದು 2019ರಲ್ಲಿ ಹೊರಟುಹೋದ ಮಲೇಷ್ಯಾದ ಕೋಚ್ ಟಾನ್ ಕಿಮ್ ಹರ್ 2025ರಲ್ಲಿ ಮರಳಿರುವುದೂ ಒಳ್ಳೆಯ ಸೂಚನೆ.

ಆದರೆ ಹೈದರಾಬಾದಿನ ಒಂದು ಅಕಾಡೆಮಿಯಿಂದ ದೇಶಕ್ಕಾಗುವಷ್ಟು ಜೋಡಿಗಳು ಹುಟ್ಟಲಾರವು. ಪುಣೆ, ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ತರಬೇತಿ ಕೇಂದ್ರಗಳಲ್ಲಿ ಸಿಂಗಲ್ಸ್‌ನಲ್ಲಿ ಸೋತವರನ್ನು ಡಬಲ್ಸ್‌ಗೆ ಕಳಿಸುವ ರೂಢಿ ನಿಲ್ಲಬೇಕು. ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲೇ ಡಬಲ್ಸ್‌ನ ಕಣ್ಣಿರುವ ಹುಡುಗಿಯರನ್ನು ಗುರುತಿಸಿ, ಅವರಿಗೆ ಡಬಲ್ಸ್ ಬಲ್ಲ ಕೋಚ್ ಕೊಡಬೇಕು. ನೆರವಿನ ಹಣ ವ್ಯಕ್ತಿಗಲ್ಲದೆ ಜೋಡಿಗೆ, ಕನಿಷ್ಠ ಒಂದು ಒಲಿಂಪಿಕ್ಸ್ ಅವಧಿಗೆ ಸಿಗಬೇಕು. ಮುಂದೆ ಯಾವ ಲೀಗ್ ಬಂದರೂ ಐದು ವಿಭಾಗಗಳೂ ಇರಬೇಕು. ಇವು ದುಬಾರಿ ಬೇಡಿಕೆಗಳಲ್ಲ. ಇವಿಲ್ಲದೆ ಅಶ್ವಿನಿ ಜೊತೆಗಾರ್ತಿಯರನ್ನು ಮತ್ತೆ ಮತ್ತೆ ಬದಲಿಸುತ್ತ ಮೂರು ಒಲಿಂಪಿಕ್ಸ್ ಆಡಿದರು. ಇವಿದ್ದರೆ ಮುಂದಿನ ಹುಡುಗಿಯರು ಒಬ್ಬಳೇ ಜೊತೆಗಾರ್ತಿಯೊಂದಿಗೆ ಪದಕಕ್ಕಾಗಿ ಆಡಬಹುದು.